ಹೊಟ್ಟಿನ ಒಲಿ

ಎಪ್ಪತ್ತೊಂದರ ಡಿಸೆಂಬರ. ಚಿಮಣಿ ಎಣ್ಣಿ ಇಲ್ಲ.
ಹುಬ್ಬಳ್ಳಿ ರೇಲ್ವೆ ಕ್ವಾರ್ಟರ್ಸಿನ ಕಿಡಕಿಗೆಲ್ಲ ಕರೀ ಕಾಗದ.
ಅವ್ವ ಡಾಲ್ಡಾ ಡಬ್ಬಿಯ ಬುಡಕ್ಕ ತೂತು ಹೊಡದು
ನಡುವ ಅಪ್ಪನ ಖಾಲಿ ಬಾಟ್ಲಿ ನಿಲ್ಲಿಸಿದಳು.

"ಹಿಡಕೊ, ಅಲಗಬಾರದು."
ಸುತ್ತ ಕಟಗಿ ಹೊಟ್ಟು, ಮ್ಯಾಲೆ ಅವಳ ಮುಷ್ಟಿ:
ಕೂಪನ್ನಿಗೊಂದು ಗುದ್ದು,
ಸಾಲಿನಾಗ ನಿಂತ ಮುಂಜಾನಿಗೊಂದು,
ಇನ್ನೊಂದು ಯಾಕಂತ ಬಾಟ್ಲಿಗೆ ಗೊತ್ತು.

ಆಮೇಲೆ ಉಸುರು ಹಿಡದು, ತಿರುವಿ ತಿರುವಿ,
ಮಲಗಿದ ಕೂಸಿನ ಕೆಳಗಿಂದ ಸೆರಗು ಎಳದ್ಹಂಗ
ಬಾಟ್ಲಿ ತಗದಳು.
ಹೊಟ್ಟು ನಿಂತಿತು.

ಉರಿ ಕಾಣಸ್ಲಿಲ್ಲ, ಗುಂಯ್ ಅಂದಿತು ಅಷ್ಟ.
ಜ್ವಾಳದ ನುಚ್ಚು ಕುದೀತು.

ಅಪ್ಪ ವರ್ಕ್‌ಶಾಪಿನಿಂದ ಬಂದು ಉಂಡ,
ಮೂಲಿ ಮೂಲಿ ಹುಡುಕಿದ.
ಖಾಲಿ ಬಾಟ್ಲಿ ಒಯ್ದರನ ಅಂಗಡಿಯಾಗ ತುಂಬಿ ಕೊಡೂದು.
"ನಾಳಿನ ಒಲಿಗೆ ಬೇಕದು," ಅಂದಳು ಅವ್ವ.

ಯುದ್ಧ ಹದಿಮೂರ ದಿನಕ್ಕ ಮುಗೀತು.
ಎಣ್ಣಿ ಬಂತು.
ಅವ್ವ ಹೊಟ್ಟಿನ ಒಲಿ ಬಿಡಲಿಲ್ಲ.