ಬದುವಿನವರೆಗೆ

ಮೂರು ಫೇಸು ಕರೆಂಟು ಬರುವುದು ರಾತ್ರಿ ಎರಡಕ್ಕೆ.
ಕಂಬಳಿ ಗೊಪ್ಪೆ ಹಾಕಿಕೊಂಡು ಹೋಗಿ ಮೋಟರು ಒತ್ತಿ
ಮೊದಲು ಕೈ ಚಾಚುತ್ತೇನೆ ಪೈಪಿನ ಬಾಯಿಗೆ:
ಸಾವಿರದ ಇನ್ನೂರು ಅಡಿಯಿಂದ ಎದ್ದ ನೀರು
ಈಗಷ್ಟೇ ನಿದ್ದೆಬಿಟ್ಟ ಮಗುವಿನ ಹಾಗೆ ಬೆಚ್ಚಗಿದೆ.

ಟೊಮೆಟೊ ಸಸಿಗೆ ಹದಿನೆಂಟು ದಿನ.
ಕಡ್ಡಿ ಊರಿಲ್ಲ, ದಾರ ಕಟ್ಟಿಲ್ಲ ಇನ್ನೂ.
ಬುಡದ ಮಣ್ಣು ಒಂದಿಷ್ಟು ಮೈ ಕಾಯಿಸಿಕೊಳ್ಳಲಿ,
ಎಲೆಯ ಮೇಲಿನದಕ್ಕೆ ನಾನೇನು ಮಾಡಲಿ?
ಅಂಬಾಜಿದುರ್ಗದಿಂದ ಇಳಿದು ಬಂದಿದೆ ಮಂಜು.
ಬೆಳಗಾಗುವಾಗ ಬೆಟ್ಟವೂ ಇರುವುದಿಲ್ಲ, ನಮ್ಮ ಮನೆಯೂ ಇರುವುದಿಲ್ಲ,
ಎಲೆಯಂಚಿನ ಸಾಸಿವೆಯಷ್ಟು ಕಪ್ಪು ಮಾತ್ರ ಕಾಣುತ್ತದೆ.
'ಎಂಟು ದಿನಕ್ಕೊಂದ್ಸಲ ಹೊಡೀರಿ, ಇಬ್ಬನಿ ಆರಿದ್ಮೇಲೆ'
ಅನ್ನುತ್ತಾನೆ ಚಿಂತಾಮಣಿಯ ಔಷಧಿ ಅಂಗಡಿ ಇನಾಯತ್.
ಆರಿದರೆ ತಾನೆ.

ಬದುವಿನ ಆಚೆ ನಮ್ಮತ್ತೆಯ ಅವರೆ.
ಹೂ, ಹೀಚು, ಬೆರಳಿಗಂಟುವ ಸೊನೆ, ಎಲ್ಲ ಒಟ್ಟೊಟ್ಟಿಗೆ.
ಪಿಳ್ಳಮ್ಮ ಆಕಾಶಕ್ಕೆ ಮುಖವೆತ್ತಿ
'ಇನ್ನೊಂದೀಟು ಬೀಳ್ಲಿ' ಎನ್ನುತ್ತಾಳೆ.
ಮಂಜು ಕುಡಿಯದ ಅವರೆಗೆ ಸೊಗಡಿಲ್ಲ,
ಸೊಗಡಿಲ್ಲದ ಕಾಯನ್ನು ಸಂತೆಯಲ್ಲಿ ಮೂಸಿ ಕೆಳಗಿಡುತ್ತಾರೆ.
ನಾನು ಬೈಯುವ ಇಬ್ಬನಿಗೇ ಅವಳ ಹರಕೆ.
ಧನುರ್ಮಾಸ ಪೂರ್ತಿ ಹೀಗೇ, ಒಂದೇ ಒಲೆಯ ಮುಂದೆ ಕೂತು
ಒಂದೇ ಆಕಾಶವನ್ನು ಎರಡು ಕಡೆಗೆ ಎಳೆಯುತ್ತೇವೆ.
ಒಲೆಯ ಬೂದಿಗೂ ಜಗಳ,
ನನ್ನ ಸಸಿಗೋ, ಅವಳ ಪಾತ್ರೆಗೋ.

ನಿನ್ನೆ ನಸುಕಿನಲ್ಲಿ ಒಬ್ಬಳೇ ಹೆಣಗುತ್ತಿದ್ದೆ:
ಹಳೇ ಸೀರೆ ಹುರಿಮಾಡಿ, ಒಂದು ತುದಿ ಗೂಟಕ್ಕೆ ಕಟ್ಟಿ,
ಸಸಿಗಳ ತಲೆ ಸವರಿ ಹನಿ ಉದುರಿಸಲು.
ಗೂಟ ನಡೆಯುವುದಿಲ್ಲವಲ್ಲ.
ಪ್ರತಿ ಸಾಲಿಗೂ ಕಿತ್ತು, ಊರಿ, ಕಿತ್ತು, ಊರಿ.
ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದವಳು
'ಆ ಗೂಟಕ್ಕಿಂತ ನಾನೇನು ಕಡಿಮೇನಾ' ಅಂದು
ಎದ್ದು ಬಂದು ತುದಿ ಬಿಚ್ಚಿದಳು.

ಇಬ್ಬರೂ ನಡೆದೆವು, ನಡುವೆ ಆ ಸೀರೆ,
ನನ್ನ ಸೀಮಂತಕ್ಕೆ ಅವಳೇ ತಂದದ್ದು, ಆಗ ಗಿಳಿಹಸಿರು.
ಮಾತಿಲ್ಲ. ಹಲ್ಲು ಕಟಕಟ.
ಹಿಂದೆ ಸಾಲುಸಾಲು ಸಸಿ ಹಗುರಾಗಿ ಏಳುವ ಸದ್ದು.

ಬದು ಬಂತು.
ಆಚೆ ಅವರೆ ತೊಯ್ದು ತೊಪ್ಪೆಯಾಗಿ ನಿಂತಿತ್ತು.
ಅವಳು ಸೀರೆಯ ತುದಿಯನ್ನು ತಲೆಗಿಂತ ಮೇಲೆತ್ತಿ ಹಿಡಿದಳು,
ಒಂದು ಹೂವಿಗೂ ತಾಗದ ಹಾಗೆ.
'ಅಲ್ಲಿಗೆ ಸಾಕು. ಇದು ನಂದು.'

ಸೀರೆ ಹಿಂಡಿದೆವು, ಅವಳು ಎಡಕ್ಕೆ, ನಾನು ಬಲಕ್ಕೆ.
ಇಳಿದ ನೀರನ್ನು ಚೊಂಬಿನಲ್ಲಿ ಹಿಡಿದು
ತನ್ನ ಅವರೆಯ ಬುಡಕ್ಕೆ ಹೊಯ್ದಳು.
ಬುಡಕ್ಕೆ ಹೊಯ್ದರೆ ಸೊಗಡು ಬಂದೀತೆ, ಕೇಳಲಿಲ್ಲ.

ಇವತ್ತು ಎರಡಕ್ಕೆ ಎದ್ದಾಗ
ಬಾಗಿಲ ಮೊಳೆಗೆ ಸೀರೆ ಹುರಿಯಾಗಿಯೇ ತೂಗುತ್ತಿತ್ತು.
ಗೂಟ ಹುಡುಕಿದೆ.
ಒಲೆಯಲ್ಲಿ ಕೆಂಡವಾಗಿತ್ತು.