ಮೊದಲು ಕೀಲು

ಟೈರ್ ರೀಸೋಲ್ ಅಂಗಡಿ ಮುಚ್ಚಿದಾಗ
ಗಾಳಿ ತುಂಬುವ ಟ್ಯಾಂಕನ್ನು ತೂಕಕ್ಕೆ ಕೊಂಡೆ.
ಗುಜರಿಯವನು ಕೇಳಿದ, ನೀರಿಗಾ?
ಹೂಂ ಅಂದೆ. ಎಲ್ಲರಿಗೂ ಎಲ್ಲ ಹೇಳಲಿಕ್ಕಾಗುತ್ತಾ.

ಆಟೋ ಕಾಂಪ್ಲೆಕ್ಸಿನ ಮೂರನೇ ಸಾಲು, ಗನಿಯಣ್ಣನ ಶೆಡ್ಡು.
ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ನೋಡಿದ,
ಕಲ್ಲಂಗಡಿ ಕೊಳ್ಳುವವರ ಹಾಗೆ.
"ಮೊದಲು ನೀರು ತುಂಬಿಸು, ಕಂಠಮಟ್ಟ.
ಹೊಟ್ಟೆಯಲ್ಲಿ ಏನಿಟ್ಟುಕೊಂಡಿದ್ದಾರೋ ಗೊತ್ತಿಲ್ಲದವರ ಹತ್ತಿರ
ಬೆಂಕಿ ಹಿಡಿದು ಹೋಗಬಾರದು."
ತಿಪ್ಪೇಶಿ ಪೈಪು ಹಿಡಿದು ಒಂದು ಗಂಟೆ ನಿಂತ.

ನಾನು ಸೀಮೆಸುಣ್ಣದಲ್ಲಿ ಟ್ಯಾಂಕಿನ ಮೈಮೇಲೇ ಗೆರೆ ಎಳೆದೆ.
ಈ ತುದಿಗೆ ಬೆಂಕಿಗೂಡು.
ಒಳಗೆ, ಉದ್ದಕ್ಕೂ, ಒಂದು ದಪ್ಪ ತಗಡು,
ಒಂದು ಬೆರಳು ಓರೆ, ಕೊಬ್ಬು ಇಳಿದುಹೋಗಲಿ ಎಂದು.
ಹೊಗೆ ಅದರ ಅಡಿಯಲ್ಲೇ ತೆವಳಬೇಕು
ಆ ತುದಿಯವರೆಗೆ.
ಅಲ್ಲಿ ನಾಲ್ಕು ಬೆರಳ ಸಂದು, ಅಷ್ಟೆ.
ನುಸಿದು, ಏರಿ, ಮಗ್ಗುಲು ಬದಲಿಸಿ
ಮಾಂಸದ ಮೇಲೆ ಕೈಯಾಡಿಸುತ್ತ ವಾಪಸು ಬಂದು
ಬೆಂಕಿಯ ನೆತ್ತಿಯ ಮೇಲೇ ಚಿಮಣಿ ಹತ್ತಬೇಕು.

"ಹೊರಟಲ್ಲಿಗೇ ಬರೋದಾದ್ರೆ ಹೋಗೋದ್ಯಾಕೆ?" ತಿಪ್ಪೇಶಿ ಕೇಳಿದ.
"ನೀನು ದಿನಾ ಸೀಗೆಹಟ್ಟಿಯಿಂದ ಬಂದು ಹೋಗಲ್ವಾ, ಹಂಗೆ."

ಅಮ್ಮ ಒಲೆಯ ಮೇಲಿನ ತಂತಿಗೆ ತುಂಡು ಪೋಣಿಸಿ
ಹೊಗೆಗೆ ಒಪ್ಪಿಸಿಬಿಡುತ್ತಿದ್ದಳು.
ಅದು ಮನಸ್ಸು ಬಂದ ಕಡೆ ಹೋಗುತ್ತಿತ್ತು,
ಹೆಚ್ಚು ಪಾಲು ಅವಳ ಕಣ್ಣಿಗೆ.

ಬಾಗಿಲು ಕೊಯ್ಯುವ ಮೊದಲೇ ಗನಿಯಣ್ಣ ಕೀಲು ಬೆಸೆದ.
ಮೂರು ಬದಿ ಕೊಯ್ದು, ಕೀಲು ಕೂರಿಸಿ, ನಾಲ್ಕನೆಯದು ಕೊನೆಗೆ;
ಒಂದೇ ಸಲ ಬಿಡಿಸಿದರೆ ಕಬ್ಬಿಣ ಹಳೆಯ ಬಾಗು ಮರೆತು
ಸೆಟೆದುಕೊಳ್ಳುತ್ತದಂತೆ, ಮತ್ತೆ ಕೂರುವುದಿಲ್ಲವಂತೆ.
"ಮೊದಲು ಕೀಲು, ಆಮೇಲೆ ಪಾಲು" ಅಂದ.
ಆಮೇಲೆ,
"ಏನು ಮಾಡ್ತೀಯ ಜೆಸಿಂತಕ್ಕ ಇದರಲ್ಲಿ?"

ರಾಡಿನ ತುದಿ ಇನ್ನೂ ಕೆಂಪಗಿತ್ತು.
ನೀರಿಗೆ ಅನ್ನಬಹುದಿತ್ತು.
ಹಂದಿ, ಅಂದೆ.

ಗ್ರೈಂಡರು ನಿಂತಿತು. ತಿಪ್ಪೇಶಿ ನಿಲ್ಲಿಸಿದನೋ
ಕರೆಂಟು ಹೋಯಿತೋ ತಿಳಿಯಲಿಲ್ಲ.
ಗನಿಯಣ್ಣ ಮುಖದ ಗಾಜು ಎತ್ತಿ ಬೆವರು ಒರೆಸಿ
ಬಾಗಿಲನ್ನು ತೆಗೆದ, ಹಾಕಿದ. ತೆಗೆದ, ಹಾಕಿದ.
"ಮಾಡಿದವನು ತಿಂದು ನೋಡದೆ ಹ್ಯಾಗೆ ಕೊಡೋದು?
ಮೊದಲ ಸಲ ಕೋಳಿ. ನಾನೇ ತರ್ತೀನಿ.
ಆಮೇಲೆ ನಿಂದು."

ಒಂದಿಡೀ ದಿನ ಖಾಲಿ ಟ್ಯಾಂಕನ್ನೇ ಉರಿಸಿದೆವು
ಹಳೇ ಬಣ್ಣ, ಎಣ್ಣೆ, ರಬ್ಬರಿನ ನೆನಪು ಸುಟ್ಟುಹೋಗಲಿ ಎಂದು.
ಅಕೇಶಿಯಾ ಅಗ್ಗ, ಆದರೆ ಗಂಟಲಿಗೆ ಹತ್ತುತ್ತದೆ;
ಕೊಪ್ಪದ ಕಡೆಯ ಕಾಫಿ ಕೊರಡು, ಪೇರಲೆಯ ಎರಡು ಕೊಂಬೆ.
ಕೋಳಿ ಇಟ್ಟಾಗ ಬಾಗಿಲ ಮೂಲೆಯಿಂದ
ದಾರದಷ್ಟು ಹೊಗೆ ತಪ್ಪಿಸಿಕೊಂಡಿತು.
ಅವನು ಅಲ್ಲಿ ಸುಣ್ಣದಲ್ಲಿ ಸುತ್ತು ಹಾಕಿ
ಮೂರು ಗಂಟೆ ಅದನ್ನೇ ನೋಡುತ್ತ ಕೂತ.

ವೈಸಿನ ಮೇಜಿನ ಮೇಲೆ ಬಾಳೆ ಎಲೆ.
ಎಂಜಿನ್ನಿನ ಸದ್ದು ಕೇಳುವಾಗಿನಂತೆ
ಕಣ್ಣು ಮುಚ್ಚಿ ಅಗಿದ.
"ಉಪ್ಪು ಕಡಿಮೆ. ಬೆಸುಗೆ ಸರಿ ಇದೆ."
ಕಾಲಿನ ತುಂಡು ತಿಪ್ಪೇಶಿಗೆ ಕೊಟ್ಟ.
ಸುಣ್ಣದ ಸುತ್ತಿಗೆ ಇನ್ನೊಂದು ರಾಡು ಸುಟ್ಟ.

ಈಗ ಸಾಗರ ರಸ್ತೆಯಲ್ಲಿ, ನನ್ನ ಅಂಗಡಿಯ ಹಿಂದೆ
ಶನಿವಾರ ರಾತ್ರಿಯೇ ಬೆಂಕಿ ಬೀಳುತ್ತದೆ.
ಗನಿಯಣ್ಣ ರಸ್ತೆ ದಾಟುವುದಿಲ್ಲ.
ಎದುರು ಬದಿಗೆ ಮೊಪೆಡ್ಡು, ಎಂಜಿನ್ನು ಆರಿಸದೆ,
ಚಿಮಣಿಯ ತುದಿ ನೋಡುತ್ತಾನೆ.
ತಿಳಿ ನೀಲಿ, ಇದ್ದೂ ಇಲ್ಲದ ಹಾಗಿದ್ದರೆ
ತಲೆಯಾಡಿಸಿ ಹೋಗುತ್ತಾನೆ.
ಬೆಳ್ಳಗೆ ಕಂಡರೆ
ಹಾರ್ನು ಒತ್ತಿ, ಬೆರಳಲ್ಲಿ ತೋರಿಸಿ,
ನಾನು ಕೊರಡು ಬದಲಿಸುವವರೆಗೂ
ಅಲ್ಲೇ ನಿಂತಿರುತ್ತಾನೆ.