ಹುಳು ಕೊರೆದ ಗೆರೆ

ಹೊಂಗೆಯ ಎಲೆ ಕೆತ್ತಿದ್ದೆ
ಲಿನೋಲಿಯಂ ತುಂಡಿನ ಮೇಲೆ, ಎಂಟು ದಿನ.
ನಡುನರ, ಅದಕ್ಕೆ ಜೋತ ಕಿರುನರ,
ಅಂಚು ಎಲ್ಲೂ ಮುಕ್ಕಾಗದಂತೆ
ಉಸಿರು ಬಿಗಿಹಿಡಿದು.
ಅಚ್ಚು ಆರಿದ್ದೇ ತಡ, ಸುತ್ತಿಕೊಂಡು
ಲಾಲ್‌ಬಾಗಿಗೆ ಓಡಿದೆ, ಮುನಿಯಲ್ಲಪ್ಪನಿಗೆ ತೋರಿಸಲು.

ಅವನು ನರ್ಸರಿಯ ತೊಟ್ಟಿಯಲ್ಲಿ ಕೈ ತೊಳೆದು,
ಒರೆಸಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು
'ಚೆನ್ನಾಗೈತೆ' ಅಂದ.
ಆಮೇಲೆ, 'ಯಾವ ಗಿಡದ್ದು?' ಅಂದ.
'ಹೊಂಗೆ.'
'ಹುಳ ಮುಟ್ಟದ ಹೊಂಗೆ ಎಲ್ಲೈತಮ್ಮಾ?'

ಬಂಡೆಯ ಕಡೆ ಕರೆದುಕೊಂಡು ಹೋಗಿ
ರೆಂಬೆಯೊಂದನ್ನು ಬಗ್ಗಿಸಿದ.
ಎಲೆಯೆಲ್ಲ ಗಂಟು, ಗುಳ್ಳೆ, ಕಚ್ಚಿದ ತೂತು.
ಒಂದರ ಮೇಲೆ ಮಾತ್ರ ಬೆಳ್ಳನೆಯ ಗೆರೆ,
ಸೂಜಿಮೊನೆಯಷ್ಟು ಸಣ್ಣಗೆ ಹುಟ್ಟಿ
ಸುತ್ತಿ, ಹೊರಳಿ, ಬಂದ ದಾರಿಯನ್ನೇ ಬಳಸಿ,
ಹೋಗುತ್ತ ಹೋಗುತ್ತ ದಪ್ಪವಾಗಿ
ಅಂಚಿನ ಹತ್ತಿರ ಥಟ್ಟನೆ ನಿಂತಿತ್ತು.
'ಒಳಗೊಳಗೇ ತಿನ್ಕೊಂಡು ಹೋಗ್ತದೆ.
ಮೇಲಿನ ಚರ್ಮ ಹರಿಯಾಕಿಲ್ಲ, ಕೆಳಗಿಂದೂ ಹರಿಯಾಕಿಲ್ಲ.
ದಪ್ಪ ಆಗಿರೋದು ಗೆರೆಯಲ್ಲ, ಹುಳ.
ತಿಂದಂಗೆ ಬೆಳೀತಲ್ಲ.'

ಇಪ್ಪತ್ತೆರಡು ವರ್ಷದಿಂದ ಉಳಿ ಹಿಡಿದಿದ್ದೇನೆ.
ಕೆತ್ತಿದ್ದು ಬಿಳಿ, ಬಿಟ್ಟದ್ದು ಕಪ್ಪು,
ಇಷ್ಟೇ ವಿದ್ಯೆ ಎಂದು ಮಕ್ಕಳಿಗೆ ಕಲಿಸಿದ್ದೇನೆ.
ಅಂಗೈಯ ಜಡ್ಡು ಬಿಟ್ಟರೆ
ನಾನು ಬೆಳೆದದ್ದನ್ನು ಯಾವ ಗೆರೆಯೂ ಹೇಳಿಲ್ಲ.

ಮರುದಿನ ಕಾಕ್ಸ್ ಟೌನಿನಲ್ಲಿ
ಮಂಕಿಟಾಪಿನ ಮನೆಯೊಂದರ ಎದುರು ನಿಂತಿದ್ದೆ,
ಯಾರದೋ ಸ್ಕೂಟರಿನ ಸೀಟಿನ ಮೇಲೆ ಪುಸ್ತಕ ಬಿಚ್ಚಿ.
ಕಿಟಕಿಯ ಹಣೆಗೆ ಮರದ ಪಟ್ಟಿಗಳ ಟೋಪಿ,
ಅದರ ಮೇಲೆ ಮಲ್ಲಿಗೆ ಬಳ್ಳಿ.
ಬಡಗಿ ಕೊರೆದದ್ದೆಷ್ಟು, ಹಬ್ಬಿದ್ದೆಷ್ಟು
ಎಂದು ಬಿಡಿಸುವಷ್ಟರಲ್ಲಿ ಬಾಗಿಲು ತೆರೆಯಿತು.
'ಕಾರ್ಪೊರೇಷನ್ನಿಂದಾನಾ? ರಸ್ತೆ ಅಗಲ ಮಾಡೋಕಾ?'
ಲೂರ್ದಮ್ಮ. ಒಂದು ಕಾಲಕ್ಕೆ ಬೌರಿಂಗಿನಲ್ಲಿ ನರ್ಸು.
ಅಲ್ಲ, ಚಿತ್ರಕ್ಕೆ, ಎಂದೆ.
'ಚಿತ್ರಾನೂ ಅಳತೆ ತಗೊಂಡು ಬರೀತಾರಾ?'
ನನ್ನ ಕೈಯಲ್ಲಿ ಟೇಪು ಜೋಲುತ್ತಿತ್ತು.

ಒಳಗೆ ಕಾಫಿ. ನಾಲ್ಕೂವರೆ.
ಪಡುವಣ ಬಿಸಿಲು ವೆಂಟಿಲೇಟರಿನ ಜಾಲರಿ ದಾಟಿ
ಕೆಂಪು ನೆಲದ ಮೇಲೆ ಬಿತ್ತು:
ಏಳು ದಳ, ನಡುವೆ ಕಣ್ಣು.
ಎಂಟನೆಯದರ ಜಾಗದಲ್ಲಿ ಕತ್ತಲು.
ಅಲ್ಲಿ ಅಳಿಲು ನಾರು ತುರುಕಿ ಗೂಡು ಮಾಡಿದೆಯಂತೆ.
'ತೆಗೆಸ್ಬೇಕು ಅಂತಾನೇ ಇದೀನಿ,
ಎರಡು ಕ್ರಿಸ್ಮಸ್ ಆಯ್ತು.'
ಹೂವು ನೆಲದ ಮೇಲೆ ತೆವಳಿತು,
ಕುರ್ಚಿಯ ಕಾಲು ಹತ್ತಿತು, ಸೊಟ್ಟಗಾಯಿತು,
ಅವರ ಮಡಿಲಲ್ಲಿ ಒಂದು ಗಳಿಗೆ ಕೂತು
ಮಸುಕಾಯಿತು.
ಶಾಯಿಯಿಲ್ಲ, ರೋಲರಿಲ್ಲ, ಒತ್ತುವ ಭಾರವಿಲ್ಲ.
ಈ ಮನೆ ಕಟ್ಟಿದಂದಿನಿಂದ ದಿನಕ್ಕೊಂದೇ ಪ್ರತಿ,
ಮೋಡವಿದ್ದರೆ ಅದೂ ಇಲ್ಲ.
ಅವರು ಸೆರಗು ಕೊಡವಿ ಲೋಟ ಎತ್ತಿಕೊಂಡರು.

ಕಾಟನ್‌ಪೇಟೆ. ಕೆಳಗೆ ಲಗ್ನಪತ್ರಿಕೆಯ ಪ್ರೆಸ್ಸು, ಮೇಲೆ ನಾನು.
ಹಳೆಯ ಎಲೆಯನ್ನೇ ಮತ್ತೆ ಮೇಜಿಗಿಟ್ಟೆ.
ಕೆತ್ತಿದ್ದನ್ನು ತುಂಬಲಾಗದು,
ಬಿಟ್ಟದ್ದನ್ನು ಕೆತ್ತಬಹುದು.
ಎಲ್ಲಕ್ಕಿಂತ ಸಣ್ಣ ಉಳಿಯ ಮೊನೆ
ತೊಟ್ಟಿನ ಬಳಿ ಇಳಿಸಿ, ಎತ್ತದೆ ಹೊರಟೆ.
ಒತ್ತಿದಷ್ಟು ಗೆರೆ ದಪ್ಪ.
ನಡುನರ ಎದುರಾದಾಗ ಕೈ ಹಿಂಜರಿಯಿತು.
ಎಂಟು ದಿನದ ಕೆಲಸ.
ದಾಟಿದೆ.
ಆಗಲೇ ಕೆಳಗಿನಿಂದ ಪಾಷಾ ಕೂಗಿದ,
'ಅಕ್ಕಾ, ಗಂಡಿನ ಹೆಸರು ತಪ್ಪಾಗೋಯ್ತು,
ಐನೂರು ಕಾರ್ಡು ದಂಡ!'
ಉಳಿ ಜಾರಿತು. ಜಾರಿದಲ್ಲಿಂದಲೇ ಮುಂದಕ್ಕೆ.

ದಂಡವಾದ ಕಾರ್ಡು ಬಿಡಿಸಿ, ಬರಿಯ ಬೆನ್ನಿಗೆ
ಚಮಚದಿಂದ ತಿಕ್ಕಿ ಅಚ್ಚೊತ್ತಿದೆ.
ಎತ್ತಿ ನೋಡಿದರೆ
ಎಡಕ್ಕೆ ಹೊರಟ ಹುಳು ಬಲಕ್ಕೆ ಹೋಗಿತ್ತು.
ಗೆರೆ ನಿಂತಲ್ಲಿ ಒಂದು ಕಪ್ಪು ಚುಕ್ಕೆ,
ನಾನು ಬಿಟ್ಟದ್ದಲ್ಲ,
ಸೀಳಿನಲ್ಲಿ ಉಳಿದ ಲಿನೋ ಪುಡಿಗೆ ಶಾಯಿ ತಗುಲಿದ್ದು.
ಬ್ರಷ್ಷು ಕೈಗೆ ತೆಗೆದುಕೊಂಡೆ,
ಕೆಳಗಿಟ್ಟೆ.
ಇನ್ನೊಂದು ಕಾರ್ಡು ಬಿಡಿಸಿದೆ.